ಹವ್ಯಾಸಿಯ ಕಣ್ಣು

(ಸಂಘದ ಛಾಯಾಚಿತ್ರ ಪ್ರದರ್ಶನವನ್ನು ಉದ್ಘಾಟಿಸಿ ಮುಂಬಯಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಹವ್ಯಾಸಿ' ಎಂಬ ಮಾತನ್ನು ನಾವು ಸಾಮಾನ್ಯವಾಗಿ ತುಸು ಹಗುರವಾಗಿಯೇ ಬಳಸುತ್ತೇವೆ. ವೃತ್ತಿಪರನಷ್ಟು ನುರಿತವನಲ್ಲ, ಬಿಡುವಿನ ವೇಳೆಯಲ್ಲಿ ಕೈಯಾಡಿಸುವವನು ಎಂಬ ಧ್ವನಿ ಅದರಲ್ಲಿದೆ. ರಂಗಭೂಮಿಯ ಮಟ್ಟಿಗೆ ಮಾತ್ರ ಕನ್ನಡಿಗರು ಹಾಗೆ ಎಣಿಸಲಿಲ್ಲ. ಹೊಸ ನಾಟಕವನ್ನು ಕಟ್ಟಿದ್ದರಲ್ಲಿ ಹವ್ಯಾಸಿ ತಂಡಗಳ ಪಾಲು ಎಷ್ಟೆಂಬುದನ್ನು ನಾವೆಲ್ಲ ಬಲ್ಲೆವು. ಛಾಯಾಗ್ರಹಣಕ್ಕೂ ಇದೇ ನ್ಯಾಯವನ್ನು ಅನ್ವಯಿಸಿ ನೋಡಬೇಕೆಂಬುದು ನನ್ನ ಅಪೇಕ್ಷೆ.

ಸ್ಟುಡಿಯೋದವನಿಗೆ ಗಿರಾಕಿಯಿದ್ದಾನೆ, ಗಿರಾಕಿಗೆ ತನ್ನ ಮುಖ ಸ್ಪಷ್ಟವಾಗಿ ಮೂಡಿರಬೇಕು. ಹವ್ಯಾಸಿಗೆ ಈ ಹಂಗಿಲ್ಲ. ಚಿತ್ರ ಕೆಟ್ಟರೆ ಕೆಡಲಿ ಎನ್ನುವ ಸ್ವಾತಂತ್ರ್ಯ ಅವನದು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನವನ್ನು ಕಂಡುಹಿಡಿದ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಾಸಕ್ತೆ, ಲವಣ ಸವರಿದ ಕಾಗದದ ಮೇಲೆ ಕಡಲ ಪಾಚಿಯನ್ನು ಹರಡಿ, ಬಿಸಿಲಿಗೊಡ್ಡಿ, ಬರಿಯ ನೀರಿನಲ್ಲಿ ತೊಳೆದಳು. ಪಾಚಿಯ ನೆರಳು ಬಿದ್ದಲ್ಲಿ ಬಿಳುಪು, ಉಳಿದೆಡೆಯೆಲ್ಲ ಗಾಢ ನೀಲಿ. ಕ್ಯಾಮೆರಾದ ಅಗತ್ಯವೇ ಬೀಳಲಿಲ್ಲ. ಛಾಯಾಚಿತ್ರಗಳನ್ನೊಳಗೊಂಡ ಮೊದಲ ಪುಸ್ತಕವೆಂದು ಇಂದು ಸಾಮಾನ್ಯವಾಗಿ ಗಣಿಸುವುದು ಆಕೆ ಹೀಗೆ ರೂಪಿಸಿದ ಕೃತಿಯನ್ನೇ.

ಆದರೆ ಹವ್ಯಾಸವೆಂದ ಮಾತ್ರಕ್ಕೆ ಅದು ಮುಗ್ಧವಾಗಿರಬೇಕೆಂದೇನೂ ಇಲ್ಲ. ನಾವಿರುವ ಈ ನಗರದಲ್ಲಿ 1854ರಷ್ಟು ಹಿಂದೆಯೇ ಛಾಯಾಗ್ರಾಹಕರ ಸಂಘವೊಂದು ಹುಟ್ಟಿತು. ಮೂರು ವರ್ಷಗಳಲ್ಲಿ ದಂಗೆ ನಡೆಯಿತು. ಪ್ರಭುತ್ವಕ್ಕೆ ತನ್ನ ಪ್ರಜೆಗಳು ಯಾರೆಂದು ಪಟ್ಟಿ ಮಾಡುವ ಆತುರ ಹೆಚ್ಚಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ, 468 ಚಿತ್ರಗಳೊಂದಿಗೆ, 'ದಿ ಪೀಪಲ್ ಆಫ್ ಇಂಡಿಯಾ' ಹೊರಬಂತು. ಅದರ ಅನೇಕ ಚಿತ್ರಗಳನ್ನು ತೆಗೆದವರು ಕ್ಯಾಮೆರಾದ ಗೀಳಿದ್ದ ಸೇನಾಧಿಕಾರಿಗಳು, ಆಡಳಿತಾಧಿಕಾರಿಗಳು. ಅವರಿಗೂ ವಿಷಯ ಅಪೂರ್ವವಾಗಿತ್ತು, ತಂತ್ರ ಹೊಸದಾಗಿತ್ತು. ಆದರೆ ಚಿತ್ರದ ಕೆಳಗೆ ಹೆಚ್ಚಾಗಿ ಕಾಣುವುದು ವ್ಯಕ್ತಿಯ ಹೆಸರಲ್ಲ. ಜಾತಿಯ, ಬುಡಕಟ್ಟಿನ ಹೆಸರು.

ಇದಕ್ಕೆ ಎದುರಾಗಿ ಉಮರಾವ್ ಸಿಂಗ್ ಶೇರ್‌ಗಿಲ್ ಅವರನ್ನು ನೆನೆಯಬೇಕು. ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ, ಸಂಸ್ಕೃತ ಮತ್ತು ಪಾರಸಿ ವಿದ್ವಾಂಸರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭಿಸಿ ಸುಮಾರು ಆರು ದಶಕಗಳ ಕಾಲ ಅವರು ಮತ್ತೆ ಮತ್ತೆ ಚಿತ್ರಿಸಿದ್ದು ತಮ್ಮನ್ನೇ ಮತ್ತು ತಮ್ಮ ಮನೆಯವರನ್ನೇ. 1930ರ ಒಂದು ಚಿತ್ರದಲ್ಲಿ, ಹದಿನೈದು ದಿನಗಳ ಉಪವಾಸದ ನಂತರದ ತಮ್ಮ ಬರಿಮೈಯನ್ನೇ ಅವರು ಕ್ಯಾಮೆರಾದ ಮುಂದಿಟ್ಟರು. ಪರರನ್ನು ವರ್ಗೀಕರಿಸಲು ಬಳಕೆಯಾದ ಯಂತ್ರ ಇಲ್ಲಿ ಸ್ವಪರೀಕ್ಷೆಯ ಸಾಧನವಾಯಿತು.

ಇಂದು ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಅಪರೂಪದ ವಸ್ತುವಿನ ಬೇಟೆಯೂ ಅಷ್ಟೇ ಜೋರಾಗಿದೆ: ಕುಂಭಮೇಳದ ಸಾಧು, ಫುಟ್‌ಪಾತಿನಲ್ಲಿ ಮಲಗಿದ ಮಗು, ಗೂಡಿನಲ್ಲಿ ಬೆದರಿದ ಹಕ್ಕಿ. ಇಂಥ ಚಿತ್ರದ ಮುಂದೆ ನಿಂತಾಗ ಬೆಳಕು, ಚೌಕಟ್ಟುಗಳ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈ ಪ್ರಯೋಗದ ವೆಚ್ಚವನ್ನು ತೆತ್ತವರು ಯಾರು? ಆಟ್ಕಿನ್ಸ್ ತೆತ್ತದ್ದು ತನ್ನ ಕಾಗದ ಮತ್ತು ಶ್ರಮ. ಶೇರ್‌ಗಿಲ್ ತೆತ್ತದ್ದು ತಮ್ಮ ಮರ್ಯಾದೆಯ ಮುಸುಕು. ಮಲಗಿದ ಮಗುವಿನ ಚಿತ್ರದಲ್ಲಿ ತೆರುವುದು ಮಗು, ತೆಗೆದವನಲ್ಲ.

ಹೊರನಾಡಿನಲ್ಲಿರುವ ನಮ್ಮನ್ನೂ ಇತರರು ಒಂದು ಪಂಗಡವೆಂದು ನೋಡುವುದುಂಟು; ಹೆಸರು ಕಳೆದುಕೊಂಡು ಗುಂಪಿನ ಗುರುತಾಗುವುದೆಂದರೇನೆಂದು ಅಷ್ಟಿಷ್ಟಾದರೂ ಬಲ್ಲೆವು. ಆದ್ದರಿಂದ ಸಂಘದ ತರುಣರಿಗೆ ಎರಡು ಸೂಚನೆಗಳು. ಮುಂದಿನ ಪ್ರದರ್ಶನದೊಳಗೆ ಒಂದು ಭಾನುವಾರ ಮಾಳಿಗೆಯ ಬಿಸಿಲಿನಲ್ಲಿ ನೀಲಿ ಚಿತ್ರಗಳನ್ನು ಮಾಡಿ ನೋಡಿ. ಮನುಷ್ಯರ ಚಿತ್ರ ತೆಗೆದರೆ, ಅವರನ್ನು ಕೇಳಿ ತೆಗೆಯಿರಿ. ಅವರು ಒಪ್ಪಿದರೆ ಹೆಸರನ್ನು ಬರೆಯಿರಿ, ಒಂದು ಪ್ರತಿಯನ್ನು ಅವರಿಗೂ ತಲುಪಿಸಿರಿ.