ಕಾದು ಕುಳಿತ ಅಂಡಾಣು



ನಿಮಗೀಗ ಹದಿನೇಳು ವರ್ಷ ಎಂದಿಟ್ಟುಕೊಳ್ಳಿ. ನಿಮ್ಮನ್ನು ಹೆತ್ತಾಗ ನಿಮ್ಮ ತಾಯಿಗೆ 25. ಹಾಗಾದರೆ ನೀವು ಮೈತಳೆದ ಆ ಅಂಡಾಣುವಿನ ಕಥೆ ಶುರುವಾಗಿ 42 ವರ್ಷ ದಾಟಿತು. ಏಕೆಂದರೆ ಅದು ರೂಪುಗೊಂಡದ್ದು ನಿಮ್ಮ ತಾಯಿ ಇನ್ನೂ ಹುಟ್ಟದೆ, ನಿಮ್ಮ ಅಜ್ಜಿಯ ಗರ್ಭದಲ್ಲಿದ್ದಾಗ!

ನಾನು ವಿಜ್ಞಾನ ಪದವಿ ಓದುತ್ತಿದ್ದಾಗ ಈ ಪಾಠ ಬಂದ ದಿನ ನಮ್ಮ ಮೇಷ್ಟ್ರು, "ಇದನ್ನು ಮನೆಯಲ್ಲೇ ಓದಿಕೊಳ್ಳಿ" ಎಂದು ಪುಟ ಮಗುಚಿಬಿಟ್ಟಿದ್ದರು. ಅಂದು ತಪ್ಪಿದ ಪಾಠವನ್ನು ಇಂದು ಒಟ್ಟಿಗೆ ಓದೋಣ.

ಐದು ತಿಂಗಳ ಹೆಣ್ಣು ಭ್ರೂಣದ ಅಂಡಾಶಯಗಳಲ್ಲಿ ಸುಮಾರು 60-70 ಲಕ್ಷ ಅಂಡಜನಕ ಕೋಶಗಳಿರುತ್ತವೆ. ಅಲ್ಲಿಂದ ಮುಂದೆ ಬರೀ ಇಳಿಕೆಯೇ. ಹುಟ್ಟುವಾಗ 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ 3-4 ಲಕ್ಷ. ಇಡೀ ಆಯುಷ್ಯದಲ್ಲಿ ಅಂಡಾಶಯದಿಂದ ಹೊರಬರುವುದು ಸುಮಾರು 400 ಮಾತ್ರ. ಗಂಡಸರಲ್ಲಿ ವೀರ್ಯಾಣುಗಳು ದಿನವೂ ಹೊಸದಾಗಿ ತಯಾರಾಗುತ್ತವೆ. ಇಲ್ಲಿ ಹಾಗಲ್ಲ, ಹುಟ್ಟುವಾಗ ತಂದ ಬುತ್ತಿಯೇ ಕೊನೆಯತನಕ.

ಇನ್ನೂ ಸೋಜಿಗವಿದೆ. ಈ ಕೋಶಗಳು ತಮ್ಮ 46 ವರ್ಣತಂತುಗಳನ್ನು 23ಕ್ಕೆ ಇಳಿಸುವ ವಿಭಜನೆಯನ್ನು ಹುಟ್ಟುವ ಮೊದಲೇ ಆರಂಭಿಸಿ, ನಡುವೆಯೇ ನಿಲ್ಲಿಸಿಬಿಡುತ್ತವೆ. ಹಾಗೇ ಹತ್ತು, ಇಪ್ಪತ್ತು, ನಲವತ್ತು ವರ್ಷ ಕಾಯುತ್ತವೆ. ವಯಸ್ಸಾದಂತೆ ವರ್ಣತಂತುಗಳ ಜೋಡಿಯನ್ನು ಹಿಡಿದಿಟ್ಟ ಬಿಗಿ ಸಡಿಲವಾಗುತ್ತದೆ. ಮೂವತ್ತೈದರ ನಂತರದ ಬಸಿರಿನಲ್ಲಿ ಡೌನ್ ಸಿಂಡ್ರೋಮಿನ ಸಾಧ್ಯತೆ ಹೆಚ್ಚುವುದಕ್ಕೆ ಮುಖ್ಯ ಕಾರಣ ಇದೇ; ಯಾರ ಪಾಪವೂ ಅಲ್ಲ, ಗ್ರಹಣವೂ ಅಲ್ಲ.

ಮೈನೆರೆದ ಮೇಲೆ ಪ್ರತಿ ಋತುಚಕ್ರದಲ್ಲೂ ಪಿಟ್ಯುಟರಿ ಗ್ರಂಥಿಯ ಹಾರ್ಮೋನಿನ ಪ್ರಭಾವದಿಂದ ಕೆಲವು ಅಂಡಕೋಶಿಕೆಗಳು, ಅಂದರೆ ಅಂಡಾಣುವನ್ನು ಸುತ್ತುವರಿದ ಚೀಲಗಳು, ದೊಡ್ಡದಾಗತೊಡಗುತ್ತವೆ. ಸಾಮಾನ್ಯವಾಗಿ ಒಂದೇ ಗೆಲ್ಲುತ್ತದೆ, ಉಳಿದವು ಬಾಡುತ್ತವೆ. ಆಗ ಇನ್ನೊಂದು ಹಾರ್ಮೋನು ಉಕ್ಕಿಬಂದು, ವರ್ಷಗಟ್ಟಲೆ ನಿಂತಿದ್ದ ವಿಭಜನೆ ಮುಂದುವರಿಯುತ್ತದೆ. ಪಾಲು ಮಾತ್ರ ಸಮನಲ್ಲ. ಆಹಾರವೆಲ್ಲ ಒಂದು ಕೋಶಕ್ಕೆ. ಇನ್ನೊಂದು ಧ್ರುವಕಾಯವೆಂಬ ಚೂರಾಗಿ ಬದಿಗೆ ಸರಿಯುತ್ತದೆ. ಹೀಗೆ ಸಿದ್ಧವಾದ ಅಂಡಾಣುವಿನ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಈ ಪುಟದ ಪೂರ್ಣವಿರಾಮಕ್ಕಿಂತ ಚಿಕ್ಕದು. ಆದರೂ ನಮ್ಮ ದೇಹದ ದೊಡ್ಡ ಕೋಶಗಳಲ್ಲೊಂದು.

ಅದರಲ್ಲಿರುವ ಲಿಂಗ ವರ್ಣತಂತು ಎಕ್ಸ್. ವೈ ಬರುವುದಿದ್ದರೆ ತಂದೆಯ ಕಡೆಯಿಂದಲೇ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವವರು ನಿಮ್ಮ ಬೀದಿಯಲ್ಲಿದ್ದರೆ ಇದನ್ನು ಓದಿ ಹೇಳಿ.

ಕೋಶಿಕೆ ಒಡೆದು ಹೊರಬಂದ ಅಂಡಾಣು ಅಂಡನಾಳ ಸೇರುತ್ತದೆ. ಅಷ್ಟರಲ್ಲಿ ಎರಡನೆಯ ವಿಭಜನೆ ಆರಂಭವಾಗಿ ಮತ್ತೆ ನಿಂತಿರುತ್ತದೆ! ವೀರ್ಯಾಣು ಒಳಹೊಕ್ಕರೆ ಮಾತ್ರ ಅದು ಪೂರ್ತಿಯಾಗುತ್ತದೆ. ಬರದಿದ್ದರೆ ಸುಮಾರು ಒಂದು ದಿನದೊಳಗೆ ಅಂಡಾಣು ಸತ್ತು, ಅಲ್ಲೇ ಕರಗುತ್ತದೆ. ಎರಡು ವಾರದ ನಂತರ ಮುಟ್ಟಿನಲ್ಲಿ ಹೋಗುವುದು ರಕ್ತ ಮತ್ತು ಗರ್ಭಕೋಶದ ಒಳಪದರ. ಅಷ್ಟು ಹೊತ್ತಿಗೆ ಮತ್ತೊಂದು ಗುಂಪಿನ ಕೋಶಿಕೆಗಳು ಬೆಳೆಯಲು ಹೊರಟಿರುತ್ತವೆ.