ಕಾಣುವ ಗಡಿ, ಕಾಣದ ಗಡಿ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಗಡಿಗಳು ಎರಡು ಬಗೆಯವು. ಭೂಪಟದ ಮೇಲಿನ ಗಡಿಯನ್ನು ಸರಕಾರಗಳು ಕಾಯುತ್ತವೆ. ಮನಸ್ಸಿನೊಳಗಿನ ಗಡಿಯನ್ನು ನಾವೇ ಕಾಯುತ್ತೇವೆ. ಇವೆರಡನ್ನೂ ನಮಗೆ ತೋರಿಸಿಕೊಟ್ಟವರು ಸಾಹಿತಿಗಳು, ಕಲಾವಿದರು.

೧೯೪೭ರಲ್ಲಿ ದೇಶ ವಿಭಜನೆಯಾಯಿತು. ಉರ್ದು ಕತೆಗಾರ ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕತೆಯಲ್ಲಿ ಎರಡು ಸರಕಾರಗಳು ಹುಚ್ಚಾಸ್ಪತ್ರೆಯ ರೋಗಿಗಳನ್ನೂ ಮತಾನುಸಾರವಾಗಿ ವಿನಿಮಯ ಮಾಡಿಕೊಳ್ಳುತ್ತವೆ. ತನ್ನ ಊರು ಯಾವ ಕಡೆಗಿದೆಯೆಂದು ಕೇಳಿ ಕೇಳಿ ದಣಿದ ಬಿಶನ್ ಸಿಂಗನು, ಕೊನೆಗೆ ಎರಡು ಬೇಲಿಗಳ ನಡುವಿನ, ಯಾರಿಗೂ ಸೇರದ ನೆಲದಲ್ಲಿ ಕುಸಿದು ಬೀಳುತ್ತಾನೆ. ಗಡಿ ಎಳೆದವರ ಬುದ್ಧಿಗಿಂತ ಆ ಹುಚ್ಚನ ಪ್ರಶ್ನೆಯೇ ನೇರವಾದುದು.

ಬೇಲಿಯಿಲ್ಲದ ಗಡಿ ಇನ್ನೂ ಕ್ರೂರವಾದುದು. ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರಲ್ಲಿ ಪ್ರಕಟವಾಯಿತು, ೧೯೭೫ರಲ್ಲಿ ಬಿ. ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ತುಂಡು ಗದ್ದೆಯನ್ನು ತಾನೇ ಬೇಸಾಯ ಮಾಡಬೇಕೆಂಬುದು ಚೋಮನ ಒಂದೇ ಆಸೆ. ಎತ್ತುಗಳಿವೆ, ದುಡಿಯುವ ತೋಳುಗಳಿವೆ. ಹುಟ್ಟಿದ ಜಾತಿ ಅಡ್ಡ ನಿಲ್ಲುತ್ತದೆ. ಅವನ ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಬಾರದೆಂಬ ಗೆರೆಯನ್ನು ದಾಟಿ ಕೈಚಾಚುವವರಿಲ್ಲ. ಇದನ್ನು ಅನ್ಯರ ಕತೆಯೆಂದು ನಾವು ಓದಿ ಬದಿಗಿಡುವಂತಿಲ್ಲ. ಚೋಮನ ಮಗಳು ಬೆಳ್ಳಿಯ ಬಡತನವನ್ನು ತೋಟದಲ್ಲಿ ದುರುಪಯೋಗಪಡಿಸಿಕೊಂಡವರು ಕ್ರೈಸ್ತ ಹೆಸರುಳ್ಳವರು.

ಜೆರುಸಲೇಮಿನ ಮಹಾದೇವಾಲಯದಲ್ಲಿಯೂ ಅನ್ಯಜನಾಂಗದವರಿಗೆ ಒಂದು ತಡೆಗೋಡೆಯಿತ್ತು. ದಾಟಿದವನಿಗೆ ಮರಣವೆಂದು ಗ್ರೀಕ್ ಭಾಷೆಯಲ್ಲಿ ಎಚ್ಚರಿಸುವ ಅಲ್ಲಿಯ ಕಲ್ಲು ೧೮೭೧ರಲ್ಲಿ ದೊರೆಯಿತು. ಎಫೆಸದ ತ್ರೊಫಿಮನನ್ನು ಒಳಕ್ಕೆ ಕರೆತಂದರೆಂಬ ಆರೋಪದಿಂದಲೇ ಸಂತ ಪೌಲರ ಮೇಲೆ ಜನರು ಎರಗಿದರು. ಕ್ರಿಸ್ತನು ನಡುಗೋಡೆಯನ್ನು ಕೆಡವಿದನೆಂದು ಸಾರುವ ಪತ್ರವು ಅದೇ ಎಫೆಸದವರಿಗೆ ಬರೆದದ್ದು.

ನಮ್ಮ ಹಿರಿಯರು ಈ ದೇವಾಲಯದ ಗೋಡೆಗಳನ್ನು ಎಬ್ಬಿಸಿದ್ದು ಎಲ್ಲರನ್ನೂ ಒಂದೇ ಸೂರಿನಡಿ ಸೇರಿಸಲು. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವ ನಾವು, ವಿವಾಹದ ಮಾತು ಬಂದಾಗ ಮೊದಲು ಕೇಳುವುದೇನನ್ನು? ಅಂಗಳದ ಕೆಲಸದವನಿಗೆ ನೀರು ಕೊಡುವುದು ಯಾವ ಲೋಟದಲ್ಲಿ? ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ನಮ್ಮ ಗಡಿ ಎಲ್ಲಿದೆಯೆಂದು ನಮಗೇ ತಿಳಿಯುತ್ತದೆ. ದೇವಾಲಯದ ಎರಡನೆಯ ಶತಮಾನದ ಕೆಲಸವು ಅಲ್ಲಿಂದಲೇ ಆರಂಭವಾಗಲಿ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.