ಬಟ್ಟೆಯ ಬಾಳಿಕೆ, ಹೊಲಿದವರ ಬಾಳು

ಬಟ್ಟೆಯಂಗಡಿಗೆ ಹೋದಾಗ ನಾವೆಲ್ಲರೂ ಕೇಳುವ ಪ್ರಶ್ನೆ ಒಂದುಂಟು: “ಇದು ಬಾಳಿಕೆ ಬರುತ್ತದೆಯೇನ್ರೀ?” ಅಂಗಡಿಯವನು ಅಂಗಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿ ತೋರಿಸುತ್ತಾನೆ. ಬಣ್ಣ ಹೋಗುವುದಿಲ್ಲ, ಹೊಲಿಗೆ ಬಿಡುವುದಿಲ್ಲ, ಮೂರು ದೀಪಾವಳಿ ಕಂಡೀತು ಎಂದು ಮಾತು ಕೊಡುತ್ತಾನೆ. ನಾವು ನಂಬುತ್ತೇವೆ, ಅಥವಾ ನಂಬದವರಂತೆ ಮುಖ ಮಾಡಿ ಬೆಲೆಯಲ್ಲಿ ಐವತ್ತು ರೂಪಾಯಿ ಇಳಿಸಿಕೊಳ್ಳುತ್ತೇವೆ.

ಹತ್ತಾರು ದೇಶಗಳಲ್ಲಿ ವ್ಯಾಪಾರ ನಡೆಸುವ ದೊಡ್ಡ ಕಂಪನಿಗಳೂ ಈಗ ಇದೇ ಬಾಳಿಕೆಯ ಮಾತನ್ನು ಆಡುತ್ತಿವೆ. ಅಂಥ ಕಂಪನಿಯೊಂದರ ವಾರ್ಷಿಕ ವರದಿಯನ್ನು ತೆರೆದು ನೋಡಿ. ಲಾಭನಷ್ಟದ ಲೆಕ್ಕಕ್ಕಿಂತ ಮೊದಲೇ ಹಸಿರು ಎಲೆಯ ಚಿತ್ರ, ನಗುತ್ತಿರುವ ಕೆಲಸಗಾರರ ಚಿತ್ರ ಕಾಣುತ್ತದೆ. ಜೊತೆಗೆ ಮೂರು ಪ್ರತಿಜ್ಞೆಗಳು: ಭೂಮಿಗೆ ಕೇಡು ಮಾಡುವುದಿಲ್ಲ, ಕೆಲಸಗಾರರ ಕ್ಷೇಮವನ್ನು ನೋಡಿಕೊಳ್ಳುತ್ತೇವೆ, ನ್ಯಾಯವಾಗಿ ನಡೆದುಕೊಳ್ಳುತ್ತೇವೆ. ಇವೆಲ್ಲವನ್ನೂ ಕೂಡಿಸಿ ಸುಸ್ಥಿರತೆ ಎನ್ನುತ್ತಾರೆ. ನಮ್ಮ ದೇಶದಲ್ಲಿಯೂ, ಷೇರುಪೇಟೆಯ ಪಟ್ಟಿಯಲ್ಲಿರುವ ಅತಿದೊಡ್ಡ 1000 ಕಂಪನಿಗಳು 2022-23ನೆಯ ಸಾಲಿನಿಂದ ಇಂಥ ವರದಿಯನ್ನು ಒಪ್ಪಿಸಲೇಬೇಕೆಂದು ಸೆಬಿ ನಿಯಮ ಮಾಡಿತು. ಒಳ್ಳೆಯದೇ ಆಯಿತು. ಆದರೆ ಅಂಗಿಯ ಅಂಚನ್ನು ಜಗ್ಗಿ ನೋಡುವ ಹಾಗೆ ಈ ಪ್ರತಿಜ್ಞೆಗಳನ್ನು ಎಲ್ಲಿ ಹಿಡಿದು ಜಗ್ಗಿ ನೋಡಬೇಕು? ಇವತ್ತಿನ ನನ್ನ ಮಾತು ಇಷ್ಟರ ಬಗೆಗೇ.

ಇದಕ್ಕೆ ಉತ್ತರ ಹುಡುಕುತ್ತ ನಾವು ಬಾಂಗ್ಲಾದೇಶಕ್ಕೆ ಹೋಗಬೇಕಾಗುತ್ತದೆ. ಸಿದ್ಧ ಉಡುಪನ್ನು ಹೊರದೇಶಗಳಿಗೆ ಕಳುಹಿಸುವುದರಲ್ಲಿ ಆ ಪುಟ್ಟ ದೇಶ ಚೀನಾದ ಬೆನ್ನಿಗೇ ಬಂದು ನಿಂತಿತು. ಸುಮಾರು ನಲವತ್ತು ಲಕ್ಷ ಜನಕ್ಕೆ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳಿಗೆ, ಹೊಲಿಗೆ ಯಂತ್ರವೇ ಅನ್ನ ಕೊಟ್ಟಿತು. ರಾಜಧಾನಿ ಢಾಕಾದ ಹೊರವಲಯದಲ್ಲಿ ಸಾವರ್ ಎಂಬ ಊರಿದೆ. ಅಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಕೆಳಗೆ ಅಂಗಡಿಗಳು ಮತ್ತು ಒಂದು ಬ್ಯಾಂಕು; ಮೇಲಿನ ಮಹಡಿಗಳಲ್ಲಿ ಐದು ಉಡುಪಿನ ಕಾರ್ಖಾನೆಗಳು. ಅಂಗಡಿ, ಕಚೇರಿಗಳಿಗೆಂದು ಕಟ್ಟಿದ ಕಟ್ಟಡವದು. ಯಂತ್ರಗಳ ಭಾರವನ್ನಾಗಲಿ, ಮೇಲೆ ಇಟ್ಟಿದ್ದ ಜನರೇಟರುಗಳ ಅದುರನ್ನಾಗಲಿ ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಸಾಲದೆಂದು ಮೇಲಿನ ಅಂತಸ್ತುಗಳನ್ನು ಅಪ್ಪಣೆಯಿಲ್ಲದೆ ಏರಿಸಿದ್ದರು.

2013ನೆಯ ಇಸವಿ ಏಪ್ರಿಲ್ 23ನೆಯ ತಾರೀಖು, ಮಂಗಳವಾರ, ಕಂಬಗಳಲ್ಲಿ ಬಿರುಕು ಕಾಣಿಸಿತು. ಕೆಲಸಗಾರರು ಹೆದರಿ ಹೊರಗೆ ಬಂದರು. ಎಂಜಿನಿಯರೊಬ್ಬರು ಬಂದು ನೋಡಿ, ಕಟ್ಟಡ ಅಪಾಯದಲ್ಲಿದೆ ಎಂದರು. ಮಾರನೆಯ ದಿನ ಬ್ಯಾಂಕು ತೆರೆಯಲಿಲ್ಲ, ಅಂಗಡಿಗಳೂ ತೆರೆಯಲಿಲ್ಲ. ಕಾರ್ಖಾನೆಗಳು ಮಾತ್ರ ತೆರೆದವು. ಹೊಲಿಯುವವರು ಬಾಗಿಲಲ್ಲಿ ನಿಂತು, ಒಳಗೆ ಹೋಗುವುದಿಲ್ಲವೆಂದು ಹಿಂಜರಿದರು. ಒಳಗೆ ಹೋಗದಿದ್ದರೆ ತಿಂಗಳ ಸಂಬಳ ಸಿಕ್ಕುವುದಿಲ್ಲವೆಂದು ಅವರನ್ನು ಹೆದರಿಸಿದರು. ತಿಂಗಳ ಕೊನೆಯ ವಾರ. ಆಗಿನ ಕನಿಷ್ಠ ವೇತನ ತಿಂಗಳಿಗೆ 3000 ಟಾಕಾ. ಮನೆಯ ಬಾಡಿಗೆ ಕೊಡಬೇಕು, ಅಕ್ಕಿ ತರಬೇಕು. ಅವರು ಒಳಗೆ ಹೋದರು. ಒಂಬತ್ತು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ವಿದ್ಯುತ್ತು ಹೋಯಿತು, ಜನರೇಟರುಗಳು ಚಾಲೂ ಆದವು, ಕಟ್ಟಡ ಕುಸಿಯಿತು. 1134 ಜನ ಸತ್ತರು. ಗಾಯಗೊಂಡವರು ಸುಮಾರು 2500.

ನೀವು ಒಂದು ಸಂಗತಿಯನ್ನು ಗಮನಿಸಬೇಕು. ಬ್ಯಾಂಕಿನವರಿಗೂ ಹೊಲಿಯುವವರಿಗೂ ಕಂಡದ್ದು ಒಂದೇ ಬಿರುಕು. ಬ್ಯಾಂಕಿನವರು ಮನೆಯಲ್ಲಿ ಉಳಿಯಬಹುದಾಗಿತ್ತು, ಹೊಲಿಯುವವರಿಗೆ ಉಳಿಯಲಾಗಲಿಲ್ಲ. ಅವರಿಗೆ ತಿಳಿವಳಿಕೆ ಕಡಿಮೆಯಾಗಿರಲಿಲ್ಲ. “ಒಲ್ಲೆ” ಎನ್ನುವ ಅನುಕೂಲ ಇರಲಿಲ್ಲ, ಅಷ್ಟೆ.

ಹಾಗಾದರೆ ಆ ಪ್ರತಿಜ್ಞೆಗಳೆಲ್ಲ ಎಲ್ಲಿ ಹೋಗಿದ್ದವು? ಎಲ್ಲಿಗೂ ಹೋಗಿರಲಿಲ್ಲ, ಕಾಗದದ ಮೇಲೆ ಕ್ಷೇಮವಾಗಿದ್ದವು. ರಾಣಾ ಪ್ಲಾಜಾದೊಳಗಿನ ಕೆಲವು ಕಾರ್ಖಾನೆಗಳಿಗೆ, ಕುಸಿಯುವ ಮುಂಚೆ, ತಪಾಸಣೆಗಾರರು ಬಂದು ಹೋಗಿದ್ದರು. ಕಟ್ಟಡ ನಿಲ್ಲುತ್ತದೆಯೇ ಇಲ್ಲವೇ ಎಂದು ನೋಡುವುದು ಅವರ ಪಟ್ಟಿಯಲ್ಲಿರಲಿಲ್ಲ. ಅದಕ್ಕೂ ಹಿಂದಿನ ವರ್ಷ, 2012ರ ಸೆಪ್ಟೆಂಬರ್ 11ರಂದು, ಪಾಕಿಸ್ತಾನದ ಕರಾಚಿಯ ಉಡುಪಿನ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ತಾನಾಗಿ ಬಿದ್ದದ್ದಲ್ಲ, ಹಚ್ಚಿದ್ದು ಎಂದು ಮುಂದೆ ಅಲ್ಲಿಯ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೆ ಅಷ್ಟೊಂದು ಜನ ಸಾಯಲು ಕಾರಣ, ಹೊರಬರುವ ದಾರಿಗಳು ಮುಚ್ಚಿದ್ದವು. ಆ ಕಾರ್ಖಾನೆಗೆ ಕೆಲಸಗಾರರ ಹಿತ ಕಾಯುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿ ಇನ್ನೂ ಕೆಲವೇ ವಾರಗಳಾಗಿದ್ದವು.

ಇದೇನು, ಪ್ರಮಾಣಪತ್ರ ಕೊಟ್ಟವರೆಲ್ಲ ಕಣ್ಣು ಮುಚ್ಚಿಕೊಂಡಿದ್ದರೆ ಎಂದು ನೀವು ಕೇಳಬಹುದು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿರುವ ಹೆಣ್ಣುಮಗಳೊಬ್ಬಳಿದ್ದಾಳೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಓಡುವವಳು, ಕತ್ತಲಾದ ಮೇಲೆ ಹಿಂದಿರುಗುತ್ತಾಳೆ. ಒಂದು ಭಾನುವಾರ ಆಕೆಯನ್ನು ಕೇಳಿದೆ: “ನಿಮ್ಮಲ್ಲಿಗೆ ಆಡಿಟ್‌ನವರು ಬರುವುದಿಲ್ಲವೇನಮ್ಮ?”

“ಬರ್ತಾರಲ್ಲ ಸಾರ್. ಅವರು ಬರೋ ದಿನ ಕೈ ತೊಳೆಯೋಕೆ ಸೋಪು ಇಟ್ಟಿರ್ತಾರೆ. ಸೂಪರ್‌ವೈಸರ್ ನಮ್ಮನ್ನ ‘ಅಮ್ಮಾ’ ಅಂತ ಕರೀತಾರೆ. ಮಾರನೇ ದಿನ ಸೋಪೂ ಇಲ್ಲ, ಅಮ್ಮಾನೂ ಇಲ್ಲ.”

“ನಿಮ್ಮನ್ನು ಏನೂ ಕೇಳುವುದಿಲ್ಲವೆ?”

“ಕೇಳ್ತಾರೆ. ಏನು ಹೇಳಬೇಕು ಅಂತ ಹಿಂದಿನ ದಿನವೇ ಹೇಳಿಕೊಟ್ಟಿರ್ತಾರೆ.”

ನಮ್ಮಲ್ಲಿ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ಇನ್ಸ್‌ಪೆಕ್ಟರು ಬರುವ ದಿನ ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಜಾಣ ಹುಡುಗ ಮುಂದಿನ ಸಾಲಿನಲ್ಲಿ. ಇನ್ಸ್‌ಪೆಕ್ಟರಿಗೆ ಕಾಣುವುದು ಶಾಲೆಯಲ್ಲ, ಆ ದಿನ. ದೂರದಿಂದ ಬಂದು ಒಂದು ದಿನ ನೋಡಿ ಹೋಗುವವನ ವರದಿಗೆ ಇರುವ ಮಿತಿಯೇ ಅದು. ಆತ ಪ್ರಾಮಾಣಿಕನೇ ಆಗಿದ್ದರೂ ಮಿತಿ ತಪ್ಪುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಕಂಪನಿಯ ಒಂದು ವಿಭಾಗ ಕಾರ್ಖಾನೆಗೆ ಕಾಗದ ಬರೆಯುತ್ತದೆ: ಕೆಲಸಗಾರರನ್ನು ಹೊತ್ತು ಮೀರಿ ದುಡಿಸಬೇಡಿ. ಇನ್ನೊಂದು ವಿಭಾಗ ಅದೇ ಕಾರ್ಖಾನೆಗೆ ಬರೆಯುತ್ತದೆ: ಹೋದ ಸಲಕ್ಕಿಂತ ಬೆಲೆ ಇಳಿಸಿ, ಎರಡು ವಾರ ಮುಂಚೆ ಸರಕು ಕಳಿಸಿ. ಎರಡು ಕಾಗದಗಳೂ ಒಂದೇ ಮೇಜಿಗೆ ಬರುತ್ತವೆ. ಮಾಲೀಕ ಯಾವುದನ್ನು ಮೊದಲು ಓದುತ್ತಾನೆಂದು ನಾನು ಹೇಳಬೇಕಾಗಿಲ್ಲ. 2020ರಲ್ಲಿ ಕೊರೋನಾ ಹರಡಿದಾಗ ಈ ಗುಟ್ಟು ಬಯಲಾಯಿತು. ಬಾಂಗ್ಲಾದೇಶದ ಕಾರ್ಖಾನೆದಾರರ ಸಂಘ ಹೇಳಿದ ಲೆಕ್ಕದಂತೆ, ರದ್ದಾದ ಅಥವಾ ತಡೆಹಿಡಿದ ಆರ್ಡರುಗಳ ಮೊತ್ತ ಸುಮಾರು 300 ಕೋಟಿ ಡಾಲರು. ಹೊಲಿದು ಪೆಟ್ಟಿಗೆಗೆ ತುಂಬಿಟ್ಟ ಸರಕಿಗೂ ಹಣ ಕೊಡಲು ಕೆಲವು ಕಂಪನಿಗಳು ಹಿಂದೆ ಮುಂದೆ ನೋಡಿದವು. ಅವುಗಳ ವರದಿಯಲ್ಲಿಯೂ ಹಸಿರು ಎಲೆ ಇದ್ದೇ ಇತ್ತು.

ಹಾಗೆಂದು ಎಲ್ಲವೂ ಬರಿಯ ಬೂಟಾಟಿಕೆ ಎಂದು ಕೈ ಕೊಡವಿಕೊಂಡರೆ ಅದು ನ್ಯಾಯವಾಗಲಾರದು. ರಾಣಾ ಪ್ಲಾಜಾದ ಅವಶೇಷ ತೆಗೆಯುವ ಕೆಲಸ ಮುಗಿಯುವ ಹೊತ್ತಿಗೆ, ಅದೇ 2013ರ ಮೇ ತಿಂಗಳಲ್ಲಿ, ಒಂದು ಹೊಸ ಬಗೆಯ ಒಪ್ಪಂದ ಹುಟ್ಟಿತು. ಅದನ್ನು ‘ಅಕಾರ್ಡ್’ ಎಂದು ಕರೆದರು. ಕಂಪನಿಗಳು ಒಂದು ಕಡೆ, ಕಾರ್ಮಿಕ ಸಂಘಗಳು ಇನ್ನೊಂದು ಕಡೆ, ಮಧ್ಯೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಇನ್ನೂರಕ್ಕೂ ಹೆಚ್ಚು ಕಂಪನಿಗಳು ಅದಕ್ಕೆ ಸಹಿ ಹಾಕಿದವು. ಸಾವಿರದ ಆರುನೂರರಷ್ಟು ಕಾರ್ಖಾನೆಗಳು ಅದರ ವ್ಯಾಪ್ತಿಗೆ ಬಂದವು.

ಹಳೆಯ ಪ್ರತಿಜ್ಞೆಗೂ ಇದಕ್ಕೂ ಏನು ವ್ಯತ್ಯಾಸ? ಮೊದಲನೆಯದಾಗಿ, ಇದು ಇಷ್ಟವಿದ್ದರೆ ನಡೆಸುವ ಮಾತಲ್ಲ. ತಪ್ಪಿದರೆ ಮಧ್ಯಸ್ಥರ ಮುಂದೆ ನಿಲ್ಲಿಸಬಹುದಾದ ಕರಾರು. ಸುಮ್ಮನೆ ಬರೆದಿಟ್ಟದ್ದೂ ಅಲ್ಲ. ಕಾರ್ಮಿಕ ಸಂಘಗಳು ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯದ ಕಟ್ಟೆ ಹತ್ತಿದ ಮೇಲೆ, 2018ರಲ್ಲಿ, ಒಂದು ಕಂಪನಿ 23 ಲಕ್ಷ ಡಾಲರು ಕೊಡಲೊಪ್ಪಿ ರಾಜಿ ಮಾಡಿಕೊಂಡಿತು. ಎರಡನೆಯದಾಗಿ, ಎಂಜಿನಿಯರುಗಳ ತಪಾಸಣೆಯ ವರದಿಯನ್ನು ಬೀರುವಿನಲ್ಲಿಡದೆ ಎಲ್ಲರೂ ಓದುವಂತೆ ಪ್ರಕಟಿಸಿದರು. ಮೂರನೆಯದಾಗಿ, ದುರಸ್ತಿಗೆ ಹಣ ಒದಗುವಂತೆ ನೋಡಿಕೊಳ್ಳುವ ಹೊಣೆ ಕೊಳ್ಳುವ ಕಂಪನಿಗಳ ಮೇಲೂ ಬಿತ್ತು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಅಪಾಯವೆಂದು ಕಂಡ ಕಡೆ ಕೆಲಸ ಮಾಡಲು ಒಲ್ಲೆ ಎನ್ನುವ ಹಕ್ಕು, ದೂರು ಕೊಟ್ಟರೆ ಹೊಟ್ಟೆಯ ಮೇಲೆ ಹೊಡೆಸಿಕೊಳ್ಳದಿರುವ ಹಕ್ಕು, ಇವೆರಡನ್ನೂ ಕೆಲಸಗಾರರಿಗೆ ಬರಹದಲ್ಲಿ ಕೊಟ್ಟರು. ಏಪ್ರಿಲ್ 24ರ ಬೆಳಿಗ್ಗೆ ಬಾಗಿಲಲ್ಲಿ ನಿಂತವರಿಗೆ ಇಲ್ಲದೇ ಹೋದದ್ದು ಇದೇ ತಾನೆ?

ತಪಾಸಣೆ ಶುರುವಾದಾಗ ಬೀಗ ಹಾಕುವಂತಿದ್ದ ನಿರ್ಗಮನ ಬಾಗಿಲುಗಳು, ಭಾರ ತಡೆಯದ ಕಂಬಗಳು, ಸುಟ್ಟು ಕರಕಾದ ತಂತಿಗಳು ಸಾವಿರಗಟ್ಟಲೆ ಸಿಕ್ಕಿದವು. ಬಹುಪಾಲನ್ನು ಸರಿಪಡಿಸಿದರು. 2021ರಲ್ಲಿ ಒಪ್ಪಂದ ಅಂತರರಾಷ್ಟ್ರೀಯ ರೂಪ ಪಡೆಯಿತು. 2023ರಲ್ಲಿ ಪಾಕಿಸ್ತಾನಕ್ಕೂ ಹಬ್ಬಿತು. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಸುರಕ್ಷಿತವೂ ಆರೋಗ್ಯಕರವೂ ಆದ ಕೆಲಸದ ಪರಿಸರವನ್ನು ದುಡಿಮೆಯ ಮೂಲ ಹಕ್ಕುಗಳ ಸಾಲಿಗೆ ಸೇರಿಸಿತು. ಕೂಲಿಯ ಪ್ರಶ್ನೆ ಮಾತ್ರ ಇದರಿಂದ ಬಗೆಹರಿಯಲಿಲ್ಲ. ಬಾಂಗ್ಲಾದೇಶದ ಕನಿಷ್ಠ ವೇತನ 2013ರ ಕೊನೆಗೆ 5300 ಟಾಕಾ ಆಯಿತು. ಹತ್ತು ವರ್ಷ ಕಳೆದ ಮೇಲೆ, ಜನ ಬೀದಿಗಿಳಿದು ಪ್ರಾಣಹಾನಿಯೂ ಆದ ಮೇಲೆ, 12500 ಆಯಿತು. ಕಟ್ಟಡ ಗಟ್ಟಿಯಾಗಿದ್ದರೆ ಸಾಲದು; ಅದರೊಳಗೆ ಕುಳಿತವಳ ಮನೆಯ ಒಲೆಯೂ ಉರಿಯಬೇಕು.

ನಮ್ಮ ಊರಿನ ಕಥೆಯನ್ನೂ ಒಂದಿಷ್ಟು ನೆನೆಯೋಣ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಭವಿಷ್ಯನಿಧಿಯ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲವೆಂಬ ಕೇಂದ್ರ ಸರ್ಕಾರದ ಹೊಸ ನಿಯಮ ಅವರನ್ನು ಕಂಗೆಡಿಸಿತ್ತು. ಮಗಳ ಮದುವೆಗೆ, ಮಗನ ಓದಿಗೆ, ಮನೆಯ ಭೋಗ್ಯಕ್ಕೆ ಅದೊಂದೇ ಗಂಟು. ಎರಡು ದಿನದಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ಎರಡು ದಿನ ಬಸ್ಸು ನಿಂತಿತು, ಕಲ್ಲು ಬಿತ್ತು, ಲಾಠಿಯೂ ಬೀಸಿತು. ಅದು ಯಾವ ಕಂಪನಿಯ ಮೇಲಿನ ಜಗಳವೂ ಆಗಿರಲಿಲ್ಲ, ನಿಜ. ಆದರೆ ದಿನವೂ ಕಾರ್ಖಾನೆಯೊಳಗೆ ತಮ್ಮ ಮಾತು ಹೇಳಿ ರೂಢಿಯಿಲ್ಲದವರು, ಮಾತು ಹೇಳಲೇಬೇಕಾಗಿ ಬಂದಾಗ ಬೀದಿಯನ್ನಲ್ಲದೆ ಮತ್ತೇನನ್ನು ಹುಡುಕಿಯಾರು?

ಈಗ ನಮ್ಮ ಪ್ರಶ್ನೆಗೆ ಹಿಂದಿರುಗೋಣ. ಕಂಪನಿಯ ಪ್ರತಿಜ್ಞೆಯನ್ನು ಎಲ್ಲಿ ಹಿಡಿದು ಜಗ್ಗಿ ನೋಡಬೇಕು? ಮುಖ್ಯ ಕಚೇರಿಯ ಗಾಜಿನ ಕೋಣೆಯಲ್ಲಲ್ಲ. ಅಲ್ಲಿ ಯಾರ ನೀತಿಯೂ ಹರಿಯುವುದಿಲ್ಲ. ಅದರಿಂದ ಅತಿ ದೂರದಲ್ಲಿ, ಅತಿ ಕಡಿಮೆ ಸಂಬಳಕ್ಕೆ ದುಡಿಯುವವರ ಬಳಿ ಜಗ್ಗಿ ನೋಡಬೇಕು. ಅವರು “ಇಲ್ಲಿ ಬಿರುಕು ಇದೆ, ನಾನು ಒಳಗೆ ಬರುವುದಿಲ್ಲ” ಎಂದರೆ ಮಾರನೆಯ ದಿನ ಅವರ ಕೆಲಸ ಉಳಿದಿರುತ್ತದೆಯೇ? ಉಳಿದಿದ್ದರೆ ಆ ಕಂಪನಿಯ ಮಾತು ಬಾಳಿಕೆ ಬರುವ ಮಾತು. ಇಲ್ಲದಿದ್ದರೆ ಅದು ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ.

ಇದಕ್ಕೆ ನಾವೇನು ಮಾಡೋಣ, ಅಂಗಿ ಕೊಳ್ಳುವುದನ್ನು ಬಿಡೋಣವೆ ಎಂದು ಕೇಳಬೇಡಿ. ಬಿಟ್ಟರೆ ಮೊದಲು ಕೆಲಸ ಹೋಗುವುದು ನಮ್ಮ ಬೀದಿಯ ಆ ಹೆಣ್ಣುಮಗಳದೇ. ಆದರೆ ನಮ್ಮಲ್ಲಿ ಎಷ್ಟೋ ಜನ ಕಂಪನಿಗಳಲ್ಲಿ ಅಧಿಕಾರಿಗಳಾಗಿದ್ದೇವೆ, ಕೆಲವರು ಷೇರುದಾರರು, ಮಕ್ಕಳು ದೇಶವಿದೇಶಗಳ ದೊಡ್ಡ ಕಚೇರಿಗಳಲ್ಲಿ ಕುಳಿತು ಬೆಲೆ ಇಳಿಸುವ ಕಾಗದವನ್ನೋ, ಹೊತ್ತು ಮೀರಿ ದುಡಿಸಬೇಡಿ ಎನ್ನುವ ಕಾಗದವನ್ನೋ ಬರೆಯುತ್ತಿದ್ದಾರೆ. ಎರಡೂ ಕಾಗದ ಒಂದೇ ಮೇಜಿಗೆ ಹೋಗುತ್ತದೆ ಎಂಬುದನ್ನು ಅವರು ಮರೆಯದಿದ್ದರೆ ಅಷ್ಟೇ ದೊಡ್ಡದು.

ಇನ್ನೊಂದು ಪರೀಕ್ಷೆಯನ್ನು ನಮ್ಮ ಮನೆಯಲ್ಲಿಯೇ ಮಾಡಿ ನೋಡಬಹುದು. ಮನೆಗೆಲಸಕ್ಕೆ ಬರುವಾಕೆಗೆ ಮೇಲಿನ ಕಿಟಕಿಯ ಗಾಜು ಒರೆಸೆಂದು ಹೇಳುತ್ತೇವೆ. ಆಕೆ ಅಲುಗಾಡುವ ಸ್ಟೂಲನ್ನು ನೋಡಿ, “ಇದರ ಮೇಲೆ ಹತ್ತೋದಿಲ್ಲಮ್ಮ, ಬೀಳ್ತೀನಿ” ಎಂದು ಧೈರ್ಯವಾಗಿ ಹೇಳುತ್ತಾಳೆಯೇ? ಅಥವಾ ಸುಮ್ಮನೆ ಸೆರಗು ಸಿಕ್ಕಿಸಿಕೊಂಡು ಹತ್ತುತ್ತಾಳೆಯೇ? ಸುಮ್ಮನೆ ಹತ್ತಿದರೆ, ಕಂಪನಿಗಳ ಮಾತು ಹಾಗಿರಲಿ, ಮೊದಲು ನಮ್ಮ ಸ್ಟೂಲನ್ನು ಸರಿಪಡಿಸಿಕೊಳ್ಳೋಣ.